ಮಳೆ ರಜೆಗೆ ಯಾವ ಫಿಸಿಕ್ಸ್ ಗೇಮ್?

ಜೂನ್ ಹತ್ತಿರ ಬಂತೆಂದರೆ ಸೋಮವಾರಪೇಟೆಯ ನನ್ನ ಪುಟ್ಟ ಕಂಪ್ಯೂಟರ್ ಅಂಗಡಿಗೆ ಎರಡು ಥರದವರು ಬರುತ್ತಾರೆ. ಯುಪಿಎಸ್ ಬ್ಯಾಟರಿ ಬದಲಾಯಿಸಲು ಬರುವವರು ಕೆಲವರು. ಹಳೇ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು, "ಮಕ್ಕಳಿಗೆ ಏನಾದ್ರೂ ಗೇಮ್ ಹಾಕಿಕೊಡಿ" ಎನ್ನುವವರು ಇನ್ನು ಕೆಲವರು. ಈ ಸಲ ಮಳೆ ರಜೆ ಎಷ್ಟು ದಿನವೋ ಯಾರಿಗೆ ಗೊತ್ತು. ಹೊರಗೆ ಹೋದರೆ ಜಿಗಣೆ, ಒಳಗೆ ಕೂತರೆ ಜಗಳ.

ಮೊನ್ನೆ ಬಂದ ಅಕ್ಕ ಒಬ್ಬರು ಕೂರುವ ಮೊದಲೇ ಹೇಳಿಬಿಟ್ಟರು. "ಗುಂಡು ಹೊಡೆಯೋ ಗೇಮ್ ಮಾತ್ರ ಬೇಡ. ಅದನ್ನ ಕೈಲ್ ಮುಹೂರ್ತ ಹಬ್ಬದ ದಿನ ತೆಂಗಿನಕಾಯಿಗೆ ಹೊಡೆದರೆ ಸಾಕು. ತಲೆ ಓಡಿಸೋ ಥರದ್ದು ಬೇಕು. ಫಿಸಿಕ್ಸ್ ಗೇಮ್ ಅಂತಾರಲ್ಲ, ಅದು." ಮಗ ಒಂಬತ್ತನೇ ಕ್ಲಾಸು, ಮಗಳು ಮೂರನೇ ಕ್ಲಾಸು. ಲ್ಯಾಪ್‌ಟಾಪಿಗೆ ಎಂಟು ವರ್ಷ. ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಪೋರ್ಟಲ್ ಹಾಕಿಸಬೇಕೋ, ವರ್ಲ್ಡ್ ಆಫ್ ಗೂ ಹಾಕಿಸಬೇಕೋ, ಸೇತುವೆ ಕಟ್ಟುವ ಪಾಲಿ ಬ್ರಿಡ್ಜ್ ಚೆನ್ನಾಗಿದೆಯಂತೆ ಹೌದಾ, ಫೋನಿನಲ್ಲೇ ಆಗುವಂಥದ್ದು ಇಲ್ವಾ? ಇದೇ ಪ್ರಶ್ನೆಗಳನ್ನು ವಾರಕ್ಕೆ ಮೂರು ಸಲ ಕೇಳುತ್ತೇನೆ. ಗಿರಾಕಿ ನಿಂತಿರುವಾಗ ಸರಿಯಾಗಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೆಗೆಯೋಣ. ಇವತ್ತು ಹೆಚ್ಚುಕಡಿಮೆ ಎಲ್ಲ ಗೇಮಿನಲ್ಲೂ ಫಿಸಿಕ್ಸ್ ಇದೆ. ಕುರ್ಚಿಗೆ ಒದ್ದರೆ ಬೀಳುತ್ತದೆ, ಡಬ್ಬಿ ಉರುಳುತ್ತದೆ. ಅದು ಬರೀ ಅಲಂಕಾರ, ಪಾಯಸದ ಮೇಲಿನ ದ್ರಾಕ್ಷಿ. ತೆಗೆದರೂ ಪಾಯಸ ಪಾಯಸವೇ. ನಾನು ಹೇಳುತ್ತಿರುವ ಗೇಮ್‌ಗಳಲ್ಲಿ ಭಾರ, ರಭಸ, ಎಳೆತ ಇವುಗಳನ್ನು ತೆಗೆದರೆ ಆಡಲು ಏನೂ ಉಳಿಯುವುದಿಲ್ಲ. 2004ರ ಹಾಫ್ ಲೈಫ್ 2ರಲ್ಲಿ ಒಂದು ಜಾಗ ಬರುತ್ತದೆ. ಏತದಂಥ ಹಲಗೆ. ಒಂದು ತುದಿಗೆ ಇಟ್ಟಿಗೆ ಹೇರಿ ಇನ್ನೊಂದು ತುದಿಯಿಂದ ಮೇಲೆ ಹತ್ತಬೇಕು. ಗುಂಡು ಹಾರಿಸುವ ಗೇಮಿನ ನಡುವೆ ಅದೊಂದು ತುಣುಕು ಅಷ್ಟೇ, ಆದರೂ ಆಡಿದವರು ಅದನ್ನು ಇನ್ನೂ ನೆನೆಯುತ್ತಾರೆ. ಅಂಥ ತುಣುಕೇ ಇಡೀ ಗೇಮ್ ಆದರೆ ಹೇಗಿರುತ್ತದೆ?

ಇನ್ನೊಂದು ಮಾತು. "ಯಾವುದರ ಫಿಸಿಕ್ಸ್ ಜಾಸ್ತಿ ಚೆನ್ನಾಗಿದೆ?" ಎಂದು ಕಾಲೇಜು ಹುಡುಗರು ಕೇಳುತ್ತಾರೆ. ಆ ಪ್ರಶ್ನೆಯಿಂದ ಹೆಚ್ಚು ಉಪಯೋಗ ಇಲ್ಲ. ಎರಿನ್ ಕ್ಯಾಟೊ ಎಂಬುವರು ಬರೆದು ಉಚಿತವಾಗಿ ಹಂಚಿದ ಬಾಕ್ಸ್2ಡಿ ಎಂಬ ಫಿಸಿಕ್ಸ್ ಎಂಜಿನ್ ಇದೆ, ಅಂದರೆ ಗೇಮಿನೊಳಗೆ ಬೀಳುವುದು, ಉರುಳುವುದು ಎಲ್ಲದರ ಲೆಕ್ಕ ಹಾಕುವ ಪ್ರೋಗ್ರಾಂ. ಆಂಗ್ರಿ ಬರ್ಡ್ಸ್ ಒಳಗೆ ಓಡುವುದು ಅದೇ. ಮಕ್ಕಳ ಚಿತ್ರಪುಸ್ತಕದಂತಿರುವ ಕ್ರೇಯಾನ್ ಫಿಸಿಕ್ಸ್ ಒಳಗೂ ಅದೇ. ಕತ್ತಲಲ್ಲಿ ಹೆದರಿಸುವ ಲಿಂಬೊ ಒಳಗೂ ಅದೇ. ಅಕ್ಕಿ ಒಂದೇ, ಒಬ್ಬರು ಕಡುಂಬುಟ್ಟು ಮಾಡಿದರು, ಒಬ್ಬರು ಪಾಪುಟ್ಟು, ಇನ್ನೊಬ್ಬರು ನೂಪುಟ್ಟು. ಅಕ್ಕಿಯ ಬಗ್ಗೆ ಚರ್ಚೆ ಮಾಡುತ್ತಾ ಕೂತರೆ ಊಟ ಆಗುವುದಿಲ್ಲ.

ಅಳೆಯುವುದು ಹೇಗೆ

ನಮ್ಮ ಕಡೆಗೆ ಮೊದಲ ಅಳತೆ ಕರೆಂಟ್ ಮತ್ತು ನೆಟ್‌ವರ್ಕ್. ಎರಡು ವರ್ಷದ ಹಿಂದೆ ನಾನೇ ಬಿದ್ದ ಹಳ್ಳ ಇದು. ಚೆಂದದ ಗೇಮೊಂದನ್ನು ಕೊಂಡೆ, ಹೆಸರು ಬೇಡ. ಒಬ್ಬನೇ ಆಡುವ ಗೇಮ್. ಆದರೂ ತೆರೆದಾಗಲೆಲ್ಲ ಅದಕ್ಕೆ ತನ್ನ ಸರ್ವರ್ ಜೊತೆ ಮಾತಾಡಲೇಬೇಕು. ಜುಲೈ ತಿಂಗಳಲ್ಲಿ ಮರ ಬಿದ್ದು ನಾಲ್ಕು ದಿನ ನೆಟ್ ಇಲ್ಲ. ಕೈಯಲ್ಲಿ ಬಿಡುವು ಬೇಕಾದಷ್ಟು, ಗೇಮ್ ಬಾಗಿಲು ತೆರೆಯಲೇ ಇಲ್ಲ. ಅಂದಿನಿಂದ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ಆಡಬಹುದಾ ಅನ್ನುವುದನ್ನು ನೋಡದೆ ಯಾವುದನ್ನೂ ಕೊಳ್ಳುವುದಿಲ್ಲ.

ಎರಡನೆಯದು ಯಂತ್ರ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಬಳಕೆಯ ಲ್ಯಾಪ್‌ಟಾಪಿನಲ್ಲಿ ಓಡಬೇಕು. ಕಟ್ಟಡಗಳನ್ನೇ ಪುಡಿ ಮಾಡುವ ಟಿಯರ್‌ಡೌನ್‌ನಂಥ ಹೊಸ ಗೇಮ್‌ಗಳು ಅದ್ಭುತವಾಗಿವೆ, ಒಪ್ಪಿದೆ. ಆದರೆ ಅವು ಈ ಪಟ್ಟಿಗೆ ಬರುವುದಿಲ್ಲ.

ಮೂರನೆಯದು ಪ್ರಾಮಾಣಿಕತೆ. ನಿನ್ನೆ ಮಾಡಿದ್ದನ್ನೇ ಇವತ್ತು ಮಾಡಿದರೆ ಅದೇ ಫಲ ಬರಬೇಕು. ಸೋತರೆ "ನಾನು ಎಲ್ಲಿ ತಪ್ಪಿದೆ" ಎಂದು ಅನ್ನಿಸಬೇಕು. "ಥೂ, ಅದೃಷ್ಟ ಸರಿಯಿಲ್ಲ" ಅನ್ನಿಸಿದರೆ ಅದು ಪಜಲ್ ಅಲ್ಲ, ಲಾಟರಿ. ಆಂಗ್ರಿ ಬರ್ಡ್ಸನ್ನು ಈ ಕಾರಣಕ್ಕೇ ಪಕ್ಕಕ್ಕಿಟ್ಟಿದ್ದೇನೆ. 2009ರ ಆ ಗೇಮ್ ಮಜಾ ಕೊಡುತ್ತದೆ. ಆದರೆ ಮೂರನೇ ಹಕ್ಕಿ ಎಲ್ಲೋ ಬಡಿದು, ಏನೋ ಉರುಳಿ, ಹಂದಿ ಸತ್ತಾಗ ನಾನು ಏನು ಕಲಿತೆ ಅಂತ ಕೇಳಿದರೆ ಉತ್ತರ ಇಲ್ಲ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಇದೇ ಮುಖ್ಯ ಎನ್ನುವುದು ನನ್ನ ಅನಿಸಿಕೆ. ನೀವು ಒಂದು ಲೆವೆಲ್ ಮುಗಿಸಿದಿರಿ. ಪಕ್ಕದ ಮನೆಯವರೂ ಮುಗಿಸಿದರು. ಇಬ್ಬರ ಉತ್ತರ ಒಂದೇ ಥರ ಇರುತ್ತದಾ, ಬೇರೆ ಬೇರೆ ಇರುತ್ತದಾ? ಕೆಲವು ಗೇಮ್‌ಗಳಲ್ಲಿ ಫಿಸಿಕ್ಸ್ ಎಂದರೆ ಬೀಗ, ಅದಕ್ಕೊಂದೇ ಕೀಲಿ. ಸಿಕ್ಕಾಗ "ಅಯ್ಯೋ, ಇಷ್ಟೇನಾ!" ಎಂದು ಹಣೆ ಚಚ್ಚಿಕೊಳ್ಳುವ ಸುಖ. ಇನ್ನು ಕೆಲವುಗಳಲ್ಲಿ ಫಿಸಿಕ್ಸ್ ಎಂದರೆ ಜೇಡಿಮಣ್ಣು. ನಿಮ್ಮ ಗಡಿಗೆ ಸೊಟ್ಟ, ನನ್ನದು ಇನ್ನೂ ಸೊಟ್ಟ, ಎರಡರಲ್ಲೂ ನೀರು ನಿಲ್ಲುತ್ತದೆ. ಬೀಗ ಇಷ್ಟಪಡುವವರಿಗೆ ಮಣ್ಣು ಕೊಟ್ಟರೆ ಬೇಸರ ಬರುತ್ತದೆ. ಮಣ್ಣು ಇಷ್ಟಪಡುವವರಿಗೆ ಬೀಗ ಕೊಟ್ಟರೆ ಸಿಟ್ಟು ಬರುತ್ತದೆ. ಗೇಮ್ ಚೆನ್ನಾಗಿಲ್ಲ ಎಂದು ವಾಪಸ್ ಬಂದವರಲ್ಲಿ ಮುಕ್ಕಾಲು ಜನರದ್ದು ಇದೇ ಕಥೆ.

ದುಡ್ಡಿನ ವಿಷಯ ಕೊನೆಗೆ ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವು ಹಳೇ ಗೇಮ್‌ಗಳು, ಅಷ್ಟೇನೂ ದುಬಾರಿಯಲ್ಲ.

ಪೋರ್ಟಲ್: ಬೀಗದ ಪೈಕಿ ರಾಜ

2007ರಲ್ಲಿ ವಾಲ್ವ್ ಕಂಪನಿ ತಂದ ಗೇಮ್. ಮೂಲ ಯೋಚನೆ ಡಿಜಿಪೆನ್ ಎಂಬ ಕಾಲೇಜಿನ ವಿದ್ಯಾರ್ಥಿಗಳದ್ದು. ಅವರು ಮಾಡಿದ ನಾರ್ಬಾಕ್ಯುಲರ್ ಡ್ರಾಪ್ ಎಂಬ ಪುಟ್ಟ ಗೇಮ್ ನೋಡಿ ವಾಲ್ವ್ ಆ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು.

ನಿಮ್ಮ ಕೈಯಲ್ಲಿ ಒಂದು ಉಪಕರಣ. ಅದರಿಂದ ಗೋಡೆಯಲ್ಲೊಂದು ನೀಲಿ ಕಿಂಡಿ, ಇನ್ನೆಲ್ಲೋ ಒಂದು ಕಿತ್ತಳೆ ಕಿಂಡಿ ತೆರೆಯಬಹುದು. ಒಂದರಲ್ಲಿ ಹೊಕ್ಕರೆ ಇನ್ನೊಂದರಿಂದ ಹೊರಗೆ. ಇಷ್ಟೇ ಆಗಿದ್ದರೆ ಅದು ಮಾಟದ ಬಾಗಿಲು. ಮಜಾ ಇರುವುದು ಮುಂದಿನ ನಿಯಮದಲ್ಲಿ: ಒಳಗೆ ಹೋದ ರಭಸದಲ್ಲೇ ಹೊರಗೆ ಬರುತ್ತೀರಿ. ನಮ್ಮ ಮಲ್ಲಳ್ಳಿ ಜಲಪಾತ ನೆನೆಸಿಕೊಳ್ಳಿ. ಅಷ್ಟು ಎತ್ತರದಿಂದ ಬಿದ್ದ ನೀರು ಬುಡದಲ್ಲಿ ಒಂದು ಕಿಂಡಿಗೆ ಹೊಕ್ಕು, ಎದುರು ಬೆಟ್ಟದ ಮೈಯಿಂದ ಅದೇ ರಭಸದಲ್ಲಿ ಅಡ್ಡಕ್ಕೆ ಚಿಮ್ಮಿದರೆ? ದೊಡ್ಡ ಹೊಂಡ ದಾಟಲು ಜಿಗಿಯಬೇಕಿಲ್ಲ. ಬೀಳಬೇಕು. ಎತ್ತರದಿಂದ ನೆಲದ ಕಿಂಡಿಗೆ ಬಿದ್ದು ಗೋಡೆಯ ಕಿಂಡಿಯಿಂದ ಹಾರಬೇಕು. ಈ ಒಂದು ವಿಷಯ ತಲೆಗೆ ಹೋಗುವ ಕ್ಷಣ ಇದೆಯಲ್ಲ, ಅದಕ್ಕಾಗಿಯೇ ಈ ಗೇಮ್ ಆಡಬೇಕು.

ಪಿಯು ಫಿಸಿಕ್ಸ್ ಮೇಷ್ಟ್ರೊಬ್ಬರು ನನ್ನ ಅಂಗಡಿಯಲ್ಲಿ ಇದನ್ನು ನೋಡಿ ಮೂಗು ಮುರಿದರು. ಅವರು ಹೇಳಿದ್ದು ನಿಜ. ಪಠ್ಯಪುಸ್ತಕದ ಸಂವೇಗಕ್ಕೆ ದಿಕ್ಕೂ ಸೇರುತ್ತದೆ. ಇಲ್ಲಿ ವೇಗ ಉಳಿಯುತ್ತದೆ, ದಿಕ್ಕು ತಿರುಗಿಬಿಡುತ್ತದೆ. ಅದೂ ಅಲ್ಲದೆ ನೆಲದಲ್ಲೊಂದು, ಅದರ ನೇರಕ್ಕೆ ಚಾವಣಿಯಲ್ಲೊಂದು ಕಿಂಡಿ ತೆರೆದರೆ ಬೀಳುತ್ತಲೇ ಇರಬಹುದು, ಶಕ್ತಿ ಪುಕ್ಕಟೆ. ನಡುವೆ ಒಂದು ಚಕ್ರ ಕೂರಿಸಿದರೆ ಇಡೀ ಜಿಲ್ಲೆಗೆ ಮಳೆಗಾಲವಿಡೀ ಕರೆಂಟ್ ಕೊಡಬಹುದಿತ್ತು! ಆದರೆ ಈ ಗೇಮ್ ಒಂದೇ ಒಂದು ಸುಳ್ಳು ಹೇಳುತ್ತದೆ, ಆ ಸುಳ್ಳಿಗೆ ಕೊನೆಯವರೆಗೂ ಬದ್ಧವಾಗಿರುತ್ತದೆ. ನನ್ನ ಲೆಕ್ಕದಲ್ಲಿ ಅದೂ ಪ್ರಾಮಾಣಿಕತೆಯೇ.

ತೊಂದರೆಗಳೂ ಇವೆ. ಉತ್ತರ ಬಹುತೇಕ ಒಂದೇ, ಹಾಗಾಗಿ ಮುಗಿದ ಮೇಲೆ ಮತ್ತೆ ಆಡುವ ಆಸೆ ಕಡಿಮೆ. ಉದ್ದವೂ ಕಡಿಮೆ, ಒಟ್ಟು ಹತ್ತೊಂಬತ್ತು ಕೋಣೆಗಳು, ಎರಡು ಮಳೆ ಸಂಜೆಗೆ ಮುಗಿಯಬಹುದು. ಪಾತ್ರದ ಕಣ್ಣಿನಿಂದಲೇ ನೋಡುತ್ತಾ ಗಿರಗಿರ ತಿರುಗುವ ಗೇಮ್ ಆದ್ದರಿಂದ ಕೆಲವರಿಗೆ ತಲೆ ಸುತ್ತುತ್ತದೆ. ಸಂಪಾಜೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕದ ಸೀಟೇ ಬೇಕು ಎನ್ನುವ ಜಾತಿಯವರು ನೀವಾದರೆ ಹುಷಾರು. ಮಾತೆಲ್ಲ ಇಂಗ್ಲಿಷಿನಲ್ಲಿ. ಅರ್ಥ ಆದರೆ ನಗು ಬರುತ್ತದೆ, ಆಗದಿದ್ದರೂ ಪಜಲ್ ಬಿಡಿಸಬಹುದು.

2011ರ ಪೋರ್ಟಲ್ 2 ಇನ್ನೂ ದೊಡ್ಡದು. ಅದರಲ್ಲಿ ಬಣ್ಣದ ಲೇಪಗಳಿವೆ. ನೀಲಿ ಬಳಿದ ನೆಲ ಪುಟಿಸುತ್ತದೆ, ಕಿತ್ತಳೆ ಬಳಿದ ನೆಲದ ಮೇಲೆ ಓಡಿದರೆ ವೇಗ ಏರುತ್ತದೆ, ಬಿಳಿ ಬಳಿದಲ್ಲಿ ಕಿಂಡಿ ತೆರೆಯಬಹುದು. ಆ ಲೇಪವನ್ನೇ ಕಿಂಡಿಯ ಮೂಲಕ ಹರಿಸಿ ದೂರದ ಗೋಡೆಗೆ ಬಳಿಯಬೇಕು. ಮೊದಲನೆಯದರಷ್ಟು ಬಿಗಿ ಇಲ್ಲ, ಸ್ವಲ್ಪ ಎಳೆದ ಹಾಗೆ ಅನ್ನಿಸುತ್ತದೆ. ಆದರೆ ಇಬ್ಬರು ಸೇರಿ ಆಡುವ ಪ್ರತ್ಯೇಕ ಭಾಗ ಇದೆ. ಅಣ್ಣ ತಂಗಿ ಇಬ್ಬರೂ ಒಂದೇ ಸ್ಕ್ರೀನ್ ಹಂಚಿಕೊಂಡು ಆಡಬಹುದು, ಒಂದು ಗೇಮ್ ಕಂಟ್ರೋಲರ್ ಬೇಕಾಗುತ್ತದೆ. ಮನೆಯಲ್ಲಿ ಜಗಳ ನಿಲ್ಲಿಸಲು ಕೊಳ್ಳುವವರಿಗೆ ಇದು. ಜಗಳ ಜಾಸ್ತಿಯಾದರೆ ನನ್ನನ್ನು ಕೇಳಬೇಡಿ, ಒಬ್ಬರನ್ನೊಬ್ಬರು ಹೊಂಡಕ್ಕೆ ಬೀಳಿಸುವುದಕ್ಕೂ ಅವಕಾಶ ಇದೆ.

ವರ್ಲ್ಡ್ ಆಫ್ ಗೂ: ಅಂಟುಂಡೆಗಳ ಗೋಪುರ

ನನ್ನ ಮನಸ್ಸು ಇರುವುದು ಇಲ್ಲಿ, ಮೊದಲೇ ಹೇಳಿಬಿಡುತ್ತೇನೆ. 2008ರಲ್ಲಿ ಕೈಲ್ ಗ್ಯಾಬ್ಲರ್ ಮತ್ತು ರಾನ್ ಕಾರ್ಮೆಲ್ ಎಂಬ ಇಬ್ಬರು 2ಡಿ ಬಾಯ್ ಎಂಬ ಹೆಸರಿನಲ್ಲಿ ಹೊರತಂದರು. ಕಪ್ಪು ಅಂಟುಂಡೆಗಳು, ಕಣ್ಣು ಮಿಟುಕಿಸುತ್ತಾ ಕೂತಿರುತ್ತವೆ. ಒಂದನ್ನು ಎಳೆದು ಗೋಪುರದ ಪಕ್ಕ ಹಿಡಿದರೆ ಅದು ಕಾಲು ಚಾಚಿ ಅಂಟಿಕೊಳ್ಳುತ್ತದೆ. ಆ ಕಾಲುಗಳು ಗಟ್ಟಿ ಕಡ್ಡಿಗಳಲ್ಲ, ಸ್ಪ್ರಿಂಗ್ ಥರ. ಹಾಗಾಗಿ ಕಟ್ಟಿದ್ದೆಲ್ಲ ತೂಗಾಡುತ್ತದೆ. ಉಳಿದ ಉಂಡೆಗಳು ನೀವು ಕಟ್ಟಿದ್ದರ ಮೇಲೆಯೇ ಹತ್ತಿ, ದೂರದ ಪೈಪು ಮುಟ್ಟಬೇಕು. ಇಂತಿಷ್ಟು ಉಂಡೆ ಪೈಪಿಗೆ ಸೇರಿದರೆ ಲೆವೆಲ್ ಮುಗಿಯಿತು.

ಇದರ ಜಾಣತನ ಇರುವುದು ಒಂದೇ ಕಡೆ. ಕಟ್ಟುವ ಸಾಮಾನೂ ಉಂಡೆಯೇ, ಉಳಿಸಬೇಕಾದ್ದೂ ಉಂಡೆಯೇ. ಗೋಪುರ ಭದ್ರ ಮಾಡೋಣ ಎಂದು ಎರಡು ಉಂಡೆ ಜಾಸ್ತಿ ಕೊಟ್ಟರೆ ಪೈಪಿಗೆ ಸೇರಿಸಲು ಎರಡು ಕಡಿಮೆ. ಉಳಿಸೋಣ ಎಂದು ಸಪೂರ ಕಟ್ಟಿದರೆ ನಡುವಿನಲ್ಲೇ ಬಾಗಿ ಧೊಪ್ಪನೆ ಬೀಳುತ್ತದೆ. ಕರಿಮೆಣಸು ಕೊಯ್ಯಲು ಏಣಿ ಒರಗಿಸುವವರಿಗೆ ಇದರ ಅರ್ಧ ಪಾಠ ಮೊದಲೇ ಗೊತ್ತು. ಬುಡ ಎಷ್ಟು ದೂರ ಇಡಬೇಕು, ತುದಿಗೆ ಹೋದ ಮೇಲೆ ಯಾವ ಕಡೆ ಬಾಗಬಾರದು. ಇನ್ನರ್ಧ ಪಾಠ ತ್ರಿಕೋನ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಚೌಕಗಳನ್ನು ಕಟ್ಟಿದ ಮಗು ಅದು ಕುಸಿಯುವುದನ್ನು ನಾಲ್ಕು ಸಲ ನೋಡಿ, ಐದನೇ ಸಲಕ್ಕೆ ತಾನಾಗಿ ಅಡ್ಡಕ್ಕೆ ಒಂದು ಕಾಲು ಕೊಡುತ್ತದೆ. ನನ್ನ ಅಕ್ಕನ ಮಗಳು ಹಾಗೆ ಮಾಡಿದ್ದನ್ನು ಹಿಂದೆ ನಿಂತು ನೋಡಿದ್ದೇನೆ. ಬಾಯಿ ಬಿಡದೆ ಇರುವುದು ಎಷ್ಟು ಕಷ್ಟ ಗೊತ್ತಾ?

ಮುಂದೆ ಹೋದಂತೆ ಉಂಡೆಗಳ ಜಾತಿ ಬದಲಾಗುತ್ತದೆ. ಹಸಿರು ಉಂಡೆಯನ್ನು ಕಿತ್ತು ಬೇರೆ ಕಡೆ ಹಚ್ಚಬಹುದು, ಕಪ್ಪನ್ನು ಆಗುವುದಿಲ್ಲ. ಬಲೂನಿನಂಥವು ಮೇಲಕ್ಕೆ ಎತ್ತುತ್ತವೆ. ಬಾಗಿದ ಸೇತುವೆಗೆ ಬಲೂನು ಕಟ್ಟಿ ಎತ್ತಬಹುದು, ಬೇರೆ ಕಡೆ ಬಾಗಿದಾಗ ಅದನ್ನೇ ಬಿಚ್ಚಿ ಅಲ್ಲಿ ಕಟ್ಟಬಹುದು. ಬೆಂಕಿ ಹತ್ತುವ ಉಂಡೆಗಳೂ ಬರುತ್ತವೆ. ಪ್ರತಿ ಹೊಸ ಉಂಡೆಯೂ ಫಿಸಿಕ್ಸಿನ ಒಂದು ಹೊಸ ಮಾತು.

ಪಕ್ಕದ ಮನೆಯ ಪ್ರಶ್ನೆ ಇಲ್ಲಿಗೆ ಹಾಕಿದರೆ, ಉತ್ತರಗಳು ಬೇರೆ ಬೇರೆಯೇ. ನಿಮ್ಮ ಗೋಪುರ ನಿಮ್ಮ ಸ್ವಭಾವದ ಹಾಗೆ ಇರುತ್ತದೆ. ಕಮ್ಮಿ ಎಂದರೆ ಇಷ್ಟು ಉಂಡೆ ಸಾಕು ಎಂದು ಗೇಮ್ ಹೇಳುತ್ತದೆ, ಅದಕ್ಕಿಂತ ತುಂಬಾ ಕಠಿಣವಾದ ಗುರಿಯನ್ನೂ ಪಕ್ಕದಲ್ಲಿಟ್ಟಿರುತ್ತದೆ. ಮೂರನೇ ಕ್ಲಾಸಿನವಳು ಮೊದಲನೆಯದನ್ನು ಮುಟ್ಟಿ ಕುಣಿಯಬಹುದು, ಒಂಬತ್ತನೇ ಕ್ಲಾಸಿನವನು ಎರಡನೆಯದಕ್ಕೆ ಒದ್ದಾಡಬಹುದು. ಒಂದೇ ದುಡ್ಡಿನಲ್ಲಿ ಎರಡು ವಯಸ್ಸು.

ಕೊರತೆ ಏನು? ಇಲ್ಲಿ ಕಾಲ ನಿಲ್ಲುವುದಿಲ್ಲ. ನೀವು ಯೋಚಿಸುತ್ತಿರುವಾಗಲೂ ಗೋಪುರ ತೂಗಾಡುತ್ತಿರುತ್ತದೆ. ಕೈ ನಡುಗಿ ತಪ್ಪಾದ ಜಾಗಕ್ಕೆ ಅಂಟಿಸಿದರೆ ಹೋಯಿತು. ಬಿಳಿ ಹುಳವೊಂದು ಹಾರಾಡುತ್ತಿರುತ್ತದೆ, ಅದನ್ನು ಮುಟ್ಟಿದರೆ ಹಿಂದಿನ ಹೆಜ್ಜೆಗೆ ಹೋಗಬಹುದು, ಆದರೆ ಅವೂ ಎಣಿಕೆಯವು. ಶಾಂತವಾಗಿ ಪೆನ್ನು ಹಿಡಿದು ಲೆಕ್ಕ ಹಾಕುವವರಿಗೆ ಇದು ಕಿರಿಕಿರಿ. ಎರಡನೇ ಭಾಗ 2024ರಲ್ಲಿ ಬಂದಿದೆ, ಅದರಲ್ಲಿ ಹರಿಯುವ ದ್ರವದ ಆಟವೂ ಸೇರಿದೆ. ಹಳೇ ಲ್ಯಾಪ್‌ಟಾಪಿಗೆ ಮೊದಲನೆಯದೇ ಸರಿ. ಗಾತ್ರ ತೀರಾ ಚಿಕ್ಕದು, ನಿಧಾನದ ನೆಟ್ಟಿನಲ್ಲೂ ಇಳಿಯುತ್ತದೆ.

ಪಾಲಿ ಬ್ರಿಡ್ಜ್: ಲೆಕ್ಕದವರ ಮನೆ

ತೋಡಿಗೆ ಅಡಿಕೆ ಮರದ ಸಂಕ ಹಾಕಿದ್ದನ್ನು ನೋಡಿ ಬೆಳೆದವರಿಗೆ ಈ ಗೇಮನ್ನು ಪರಿಚಯ ಮಾಡಿಕೊಡಬೇಕಿಲ್ಲ. ಈ ದಡ, ಆ ದಡ, ನಡುವೆ ನೀರು. ಮರ, ಉಕ್ಕು, ಹಗ್ಗ, ಕೇಬಲ್ ಸಾಮಾನು. ಇಷ್ಟು ದುಡ್ಡಿನೊಳಗೆ ಕಟ್ಟಿ ಗಾಡಿ ದಾಟಿಸಬೇಕು. ಡ್ರೈ ಕ್ಯಾಕ್ಟಸ್ ಎಂಬ ತಂಡ 2016ರಲ್ಲಿ ಪೂರ್ತಿ ರೂಪದಲ್ಲಿ ತಂದಿತು. 2020ರಲ್ಲಿ ಎರಡನೆಯದು, 2023ರಲ್ಲಿ ಮೂರನೆಯದು ಬಂತು.

ವರ್ಲ್ಡ್ ಆಫ್ ಗೂ ಜೊತೆ ಇದಕ್ಕಿರುವ ದೊಡ್ಡ ವ್ಯತ್ಯಾಸ ಇದು: ನೀವು ಬಟನ್ ಒತ್ತುವವರೆಗೆ ಏನೂ ಅಲ್ಲಾಡುವುದಿಲ್ಲ. ಗೆರೆ ಎಳೆಯಿರಿ, ಅಳಿಸಿ, ಕಾಫಿ ಕುಡಿದು ಬನ್ನಿ, ಮತ್ತೆ ಎಳೆಯಿರಿ. ಒತ್ತಿದ ಮೇಲೆ ಗಾಡಿ ಹೊರಡುತ್ತದೆ, ಎಲ್ಲಿ ಭಾರ ಹೆಚ್ಚಾಯಿತೋ ಆ ಕಡ್ಡಿ ಕೆಂಪಾಗುತ್ತದೆ, ಮುರಿಯುತ್ತದೆ, ಗಾಡಿ ನೀರಿಗೆ. ಎಲ್ಲಿ ತಪ್ಪಿತು ಎನ್ನುವುದು ಬಣ್ಣದಲ್ಲೇ ಬರೆದಿರುತ್ತದೆ. ಎರಡನೇ ಭಾಗಕ್ಕೆ ಅವರು ಸೇತುವೆಗೆಂದೇ ಬೇರೆ ಫಿಸಿಕ್ಸ್ ಎಂಜಿನ್ ಬರೆದರು. ಅದೇ ಸೇತುವೆ ಯಾವ ಯಂತ್ರದಲ್ಲಿ ಓಡಿಸಿದರೂ ಅದೇ ಫಲ. ಪ್ರಾಮಾಣಿಕತೆಯ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ.

ಹಗ್ಗ ಮತ್ತು ಕೇಬಲ್ ಎಳೆತವನ್ನು ಮಾತ್ರ ತಡೆಯುತ್ತವೆ, ತಳ್ಳಿದರೆ ಸುಮ್ನೆ ಜೋಲುತ್ತವೆ. ಕಂಬ ನೆಟ್ಟು ಮೇಲಿಂದ ಹಗ್ಗ ಇಳಿಬಿಟ್ಟು ದಾರಿಯನ್ನು ತೂಗುಹಾಕುವ ಉಪಾಯ ಮಕ್ಕಳಿಗೆ ಹೊಳೆದಾಗ ನಾನು ಸುಳ್ಯದ ಗಿರೀಶ್ ಭಾರದ್ವಾಜರ ಕಥೆ ಹೇಳುತ್ತೇನೆ. ನಮ್ಮ ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಕೆಳಗಿಳಿಯುವ ಪಯಸ್ವಿನಿ ಹೊಳೆಗೆ ಅರಂಬೂರಿನಲ್ಲಿ 1989ರಲ್ಲಿ ಅವರು ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಕಾವೇರಿ ನಿಸರ್ಗಧಾಮದ ತೂಗುಸೇತುವೆ ಮೇಲೆ ಓಡಿ ಬೈಸಿಕೊಂಡ ಮಕ್ಕಳಿಗೆ, ಅದು ಯಾಕೆ ಹಾಗೆ ಅಲ್ಲಾಡುತ್ತದೆ ಎನ್ನುವುದು ಈ ಗೇಮಿನಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ತಮಾಷೆ. ಗಾಡಿ ಆ ದಡ ಮುಟ್ಟಿದರೆ ಸಾಕು, ಹಿಂದೆ ಸೇತುವೆ ಕುಸಿದರೂ ಗೆದ್ದ ಹಾಗೆಯೇ. ಕೆಲವು ಕಂಟ್ರಾಕ್ಟರುಗಳಿಗೆ ಇದು ಹೊಸ ವಿಷಯ ಏನಲ್ಲ.

ಬೇಸರ ಬರುವುದು ನಡುವಿನಲ್ಲಿ. ಇಪ್ಪತ್ತು ಲೆವೆಲ್ ಆದ ಮೇಲೆ ಒಂದು ಒಳ್ಳೇ ಆಕಾರ ಸಿಕ್ಕರೆ ಅದನ್ನೇ ಎಲ್ಲ ಕಡೆ ಹಾಕುವ ಚಟ ಹತ್ತುತ್ತದೆ. ಹೈಡ್ರಾಲಿಕ್ ಬಂದಾಗ, ಅಂದರೆ ದೋಣಿ ಹೋಗಲು ಸೇತುವೆ ಎದ್ದು ಮತ್ತೆ ಇಳಿಯಬೇಕಾದಾಗ, ಚುರುಕು ವಾಪಸ್ ಬರುತ್ತದೆ, ಜೊತೆಗೆ ತಲೆನೋವೂ. ಕಥೆ ಇಲ್ಲ, ಪಾತ್ರಗಳಿಲ್ಲ. ಚಿಕ್ಕವರು ಬೇಗ ಎದ್ದು ಹೋಗುತ್ತಾರೆ. ಅಪ್ಪಂದಿರು ಏಳುವುದೇ ಇಲ್ಲ. ಮೇಲೆ ಹೇಳಿದ ಅಕ್ಕನ ಯಜಮಾನರು ಈಗ ರಾತ್ರಿ ಹನ್ನೊಂದರವರೆಗೆ ಸೇತುವೆ ಕಟ್ಟುತ್ತಾರಂತೆ.

ಫೋನಿನವರಿಗೆ, ಚಿಕ್ಕವರಿಗೆ

ಕಟ್ ದ ರೋಪ್ ಗೊತ್ತಿರಬೇಕು. 2010ರದ್ದು. ಹಗ್ಗಕ್ಕೆ ಕಟ್ಟಿದ ಮಿಠಾಯಿ ತೂಗಾಡುತ್ತದೆ, ಸರಿಯಾದ ಗಳಿಗೆಯಲ್ಲಿ ಕತ್ತರಿಸಿ ಓಂ ನಾಮ್ ಎಂಬ ಹಸಿರು ಮರಿಯ ಬಾಯಿಗೆ ಹಾಕಬೇಕು. ಓದಲು ಬಾರದ ಮಗುವೂ ಆಡುತ್ತದೆ. ಯಾವಾಗ ಕತ್ತರಿಸಿದರೆ ಎತ್ತ ಹಾರುತ್ತದೆ ಎನ್ನುವುದು ಒಳ್ಳೇ ಪಾಠ. ಆದರೆ ಅರ್ಧ ಬುದ್ಧಿ, ಅರ್ಧ ಬೆರಳಿನ ಚುರುಕು. ಅದಕ್ಕೇ ಅಜ್ಜಿಯರಿಗಿಂತ ಮೊಮ್ಮಕ್ಕಳು ಮುಂದೆ.

ಪುಕ್ಕಟೆ ಬೇಕು, ಫೋನಿನಲ್ಲೇ ಬೇಕು, ತಲೆಗೂ ಕೆಲಸ ಬೇಕು ಎನ್ನುವವರಿಗೆ ನಾನು ಬ್ರೈನ್ ಇಟ್ ಆನ್ ಹಾಕಿಕೊಡುತ್ತೇನೆ. ಬೆರಳಿನಲ್ಲಿ ಏನು ಗೀಚಿದರೂ ಅದು ಗಟ್ಟಿ ವಸ್ತುವಾಗಿ ಕೆಳಗೆ ಬೀಳುತ್ತದೆ. ಲೋಟ ಉರುಳಿಸು ಎಂದರೆ ನೀವು ಕಲ್ಲು ಗೀಚಬಹುದು, ಕೊಕ್ಕೆ ಗೀಚಬಹುದು, ಸೊನ್ನೆ ಗೀಚಬಹುದು. ಇದು ಪಕ್ಕಾ ಜೇಡಿಮಣ್ಣಿನ ಜಾತಿ. ಜಾಹೀರಾತು ಕಾಟ ಇದೆ, ಡೇಟಾ ಆಫ್ ಮಾಡಿ ಆಡಿದರೆ ಕಡಿಮೆ.

ಇದೇ ಜಾತಿಯ ಹಿರಿಯಣ್ಣ ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್. ಫಿನ್ಲೆಂಡಿನ ಪೆಟ್ರಿ ಪುರ್ಹೊ ಮಾಡಿದ್ದು, 2009ರಲ್ಲಿ ಕಂಪ್ಯೂಟರಿಗೆ ಬಂತು. ಬಣ್ಣದ ಕಡ್ಡಿಯಲ್ಲಿ ಗೆರೆ ಎಳೆದು ಚೆಂಡನ್ನು ನಕ್ಷತ್ರಕ್ಕೆ ಮುಟ್ಟಿಸಬೇಕು. ಇಲ್ಲೊಂದು ಸಮಸ್ಯೆ ಇದೆ, ಸಮಸ್ಯೆಗಿಂತ ಪಾಠ ಎನ್ನಬಹುದು. ಏನು ಬೇಕಾದರೂ ಬರೆಯಬಹುದು ಎಂದ ಮೇಲೆ ಒಂದೇ ಒರಟು ಉಪಾಯದಲ್ಲಿ ಎಲ್ಲ ಲೆವೆಲ್ ಮುಗಿಸಬಹುದಲ್ವಾ? ಹೌದು, ಬಹುದು. ಅದಕ್ಕೆ ಅವರು ಪ್ರತಿ ಲೆವೆಲಿಗೆ ಮೂರು ಸವಾಲು ಇಟ್ಟರು. ಒಂದೇ ವಸ್ತು ಬರೆದು ಗೆಲ್ಲುವುದು ಒಂದು. ಹಗ್ಗ, ಮೊಳೆ ಇಂಥ ಸಹಾಯ ಇಲ್ಲದೆ ಗೆಲ್ಲುವುದು ಇನ್ನೊಂದು. ಮೂರನೆಯದು, ನಿಮಗೇ ಭಲೇ ಅನ್ನಿಸುವಂಥ ಉತ್ತರ. ಅದಕ್ಕೆ ಅಂಕ ಕೊಡುವವರು ನೀವೇ! ಮಕ್ಕಳು ಇದರಲ್ಲಿ ಎಷ್ಟು ನಿಷ್ಠುರರು ಎಂದರೆ, "ಇದು ಅಷ್ಟು ಚೆನ್ನಾಗಿಲ್ಲ" ಎಂದು ತಮ್ಮದನ್ನು ತಾವೇ ತಿರಸ್ಕರಿಸುವುದನ್ನು ಕಂಡಿದ್ದೇನೆ. ಹಳೇ ಲ್ಯಾಪ್‌ಟಾಪಿಗೆ ಹೇಳಿ ಮಾಡಿಸಿದ ಗೇಮ್. ಕಲಿಯಲು ಇಂಗ್ಲಿಷ್ ಬೇಕಿಲ್ಲ.

ಇನ್ನುಳಿದವು ಬೇಗ ಹೇಳಿ ಮುಗಿಸುತ್ತೇನೆ. ಹ್ಯೂಮನ್ ಫಾಲ್ ಫ್ಲಾಟ್, 2016ರದ್ದು. ಮೂಳೆ ಇಲ್ಲದ ಮನುಷ್ಯ ತೂರಾಡುತ್ತಾ ಪೆಟ್ಟಿಗೆ ಹೊರುತ್ತಾನೆ. ಒಬ್ಬರೇ ಆಡಿದರೆ ಸಪ್ಪೆ, ಇಬ್ಬರಾದರೆ ಹೊಟ್ಟೆ ಹುಣ್ಣಾಗುವಷ್ಟು ನಗು. ಲಿಂಬೊ ಸುಂದರ, ಆದರೆ ಪ್ರತಿ ಸಲ ಸೋತಾಗಲೂ ಪುಟ್ಟ ಹುಡುಗ ಘೋರವಾಗಿ ಸಾಯುತ್ತಾನೆ, ಕರೆಂಟ್ ಹೋದ ರಾತ್ರಿ ಮಕ್ಕಳ ಕೈಗೆ ಕೊಡಬೇಡಿ. 2023ರ ಜೆಲ್ಡಾದಲ್ಲಿ, ಟಿಯರ್ಸ್ ಆಫ್ ದ ಕಿಂಗ್ಡಮ್‌ನಲ್ಲಿ, ಸಿಕ್ಕಿದ ಮರ, ಚಕ್ರ, ಫ್ಯಾನು ಎಲ್ಲವನ್ನೂ ಅಂಟಿಸಿ ಸೇತುವೆಯನ್ನೋ ಗಾಡಿಯನ್ನೋ ಮಾಡಬಹುದು. ಜೇಡಿಮಣ್ಣಿನ ಜಾತಿಗೆ ಅದಕ್ಕಿಂತ ದೊಡ್ಡ ಅಂಗಳ ನಾನು ಕಂಡಿಲ್ಲ. ಆದರೆ ನಿಂಟೆಂಡೊ ಸ್ವಿಚ್ ಬೇಕು. ಆ ದುಡ್ಡಿನಲ್ಲಿ ಈ ಲೇಖನದ ಉಳಿದೆಲ್ಲ ಗೇಮ್‌ಗಳ ಜೊತೆ ಒಂದು ಇನ್ವರ್ಟರೂ ಬರುತ್ತದೆ.

ಅಂದಹಾಗೆ ಅಲ್ಗೊಡೂ ಎಂಬುದೊಂದು ಇದೆ. ಗೇಮ್ ಎನ್ನಲಾಗದು, ಸ್ವೀಡನ್ನಿನ ವಿದ್ಯಾರ್ಥಿಯೊಬ್ಬರ ಪ್ರಾಜೆಕ್ಟಿನಿಂದ ಹುಟ್ಟಿದ ಆಟದ ಮೈದಾನ. ಕಂಪ್ಯೂಟರಿಗೆ ಉಚಿತ. ಚಕ್ರ, ಹಗ್ಗ, ನೀರು ಎಲ್ಲ ಬಿಡಿಸಿ ಓಡಿಸಿ ನೋಡಬಹುದು. ಪಜಲ್ ಅದು ಕೊಡುವುದಿಲ್ಲ, ನೀವೇ ಕೊಟ್ಟುಕೊಳ್ಳಬೇಕು. ಮೂಗು ಮುರಿದ ಆ ಮೇಷ್ಟ್ರು ಈಗ ಕ್ಲಾಸಿನಲ್ಲಿ ಇದನ್ನೇ ತೋರಿಸುತ್ತಾರೆ.

ಹಾಗಾದರೆ ಯಾವುದು?

ಒಂದೇ ಒಂದು ಕೊಳ್ಳುವುದು, ಮನೆಯಲ್ಲಿ ಬೇರೆ ಬೇರೆ ವಯಸ್ಸಿನವರಿದ್ದಾರೆ, ಲ್ಯಾಪ್‌ಟಾಪ್ ಹಳೆಯದು: ವರ್ಲ್ಡ್ ಆಫ್ ಗೂ. ಆ ಅಕ್ಕನಿಗೂ ಮೊದಲು ಇದನ್ನೇ ಕೊಟ್ಟೆ. ಹೈಸ್ಕೂಲು ದಾಟಿದವರು, ಚೆಸ್ ಥರ ಒಂದೇ ಉತ್ತರ ಹುಡುಕುವ ಸ್ವಭಾವ, ತಲೆ ಸುತ್ತುವುದಿಲ್ಲ: ಪೋರ್ಟಲ್ ಮೊದಲನೆಯದು, ಇಷ್ಟವಾದರೆ ಎರಡನೆಯದು. ಎರಡನೆಯದಕ್ಕೆ ಡಿಸ್ಕಿನಲ್ಲಿ 8 ಜಿಬಿಯಷ್ಟು ಜಾಗ ಬೇಕು, ಮೊಬೈಲ್ ಡೇಟಾದಲ್ಲಿ ಇಳಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಡಿಪ್ಲೊಮಾ ಸಿವಿಲ್ ಓದುವವರು, ಎಸ್ಟೇಟಿನ ಲೆಕ್ಕ ಬರೆದು ಸಂಜೆ ಬಿಡುವು ಇರುವವರು, ಅವಸರ ಇಲ್ಲದವರು: ಪಾಲಿ ಬ್ರಿಡ್ಜ್. ಐದಾರು ವರ್ಷದ ಮಗು: ಕಟ್ ದ ರೋಪ್, ಅದೂ ದಿನಕ್ಕೆ ಅರ್ಧ ಗಂಟೆ. ದುಡ್ಡೇ ಬೇಡ ಎಂದರೆ ಫೋನಿಗೆ ಬ್ರೈನ್ ಇಟ್ ಆನ್, ಕಂಪ್ಯೂಟರಿಗೆ ಅಲ್ಗೊಡೂ. ಚಿತ್ರ ಬಿಡಿಸುವ ಹುಚ್ಚಿರುವ ಮಗುವಿಗೆ ಕ್ರೇಯಾನ್ ಫಿಸಿಕ್ಸ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಬೀಗದವರೋ ಮಣ್ಣಿನವರೋ ಗೊತ್ತಾಗುತ್ತಿಲ್ಲವಾ? ಮೊದಲು ಪುಕ್ಕಟೆಯ ಬ್ರೈನ್ ಇಟ್ ಆನ್ ಒಂದು ಸಂಜೆ ಆಡಿಸಿ ನೋಡಿ. ಲೆವೆಲ್ ಮುಗಿದ ತಕ್ಷಣ ಮುಂದಿನದಕ್ಕೆ ಹೋಗುವವರು ಬೀಗದವರು. ಗೆದ್ದ ಲೆವೆಲನ್ನೇ ಇನ್ನೊಂದು ಥರ ಗೆಲ್ಲಲು ವಾಪಸ್ ಹೋಗುವವರು ಮಣ್ಣಿನವರು.

ಇನ್ನು ದುಡ್ಡು. ಕಂಪ್ಯೂಟರ್ ಗೇಮ್‌ಗಳನ್ನು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ರೂಪಾಯಿಯಲ್ಲೇ ಕೊಳ್ಳಬಹುದು. ಜೂನ್ ಕೊನೆಯ ಹೊತ್ತಿಗೆ ಅವರ ಬೇಸಿಗೆ ಸೇಲ್ ಬರುತ್ತದೆ. ಅವರಿಗೆ ಬೇಸಿಗೆ, ನಮಗೆ ಮಳೆ, ಸಮಯ ಸರಿಯಾಗಿ ಹೊಂದುತ್ತದೆ. ಪೋರ್ಟಲ್‌ನಂಥ ಹಳೇ ಗೇಮ್ ಆಗ ನೂರು ರೂಪಾಯಿ ಆಸುಪಾಸಿಗೂ ಇಳಿಯುವುದುಂಟು. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಲ್ಯಾಪ್‌ಟಾಪಿನಲ್ಲಿ ಓಡುತ್ತದೋ ಇಲ್ಲವೋ, ತಲೆ ಸುತ್ತುತ್ತದೋ ಇಲ್ಲವೋ ನೋಡಲು ಅಷ್ಟು ಸಾಕು.

ಇಳಿಸಿದ ಮೇಲೆ ನೆಟ್ ಇರುವಾಗಲೇ ಗೇಮನ್ನು ಒಂದು ಸಲ ತೆರೆದು ನೋಡಿ. ಆಮೇಲೆ ಸ್ಟೀಮ್‌ನ ಮೆನುವಿನಲ್ಲಿ ಆಫ್‌ಲೈನ್ ಮೋಡ್ ಒತ್ತಿ. ನೆಟ್ ಹೋದ ಮೇಲೆ ಇದನ್ನು ಮಾಡೋಣ ಎಂದರೆ ಕೆಲವೊಮ್ಮೆ ಲಾಗಿನ್ ಕೇಳಿ ಕಾಡುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲದಿದ್ದರೆ ಗೇಮಿಗಿಂತ ಮೊದಲು ಬ್ಯಾಟರಿ ಬದಲಾಯಿಸಿ. ಜುಲೈಯಲ್ಲಿ ಬಂದರೆ ಸ್ಟಾಕ್ ಇರುವುದಿಲ್ಲ, ಈಗಲೇ ಹೇಳಿದ್ದೇನೆ.